ತೊಳೆದ ಮಾದರಿ

ಬಿಸಿ ಪೆಟ್ಟಿಗೆಯ ಮಿಡತೆಗಳಲ್ಲಿ ಸತು ಏರಿತ್ತು. ಇಳಿಯಬೇಕಾದದ್ದು ಏರಿತ್ತು. ಯಂತ್ರದ ಪರದೆಯ ಮೇಲೆ ಆ ಗೆರೆ ಸೆಟೆದುಕೊಂಡು ನಿಂತಿರುವುದನ್ನು ಕಂಡಾಗ ಅವಳಿಗೆ ಆಶ್ಚರ್ಯವಾಗಲಿಲ್ಲ, ಸಿಟ್ಟು ಬಂತು. ಈಚೆಗೆ ಯಾವುದಕ್ಕೂ ಮೊದಲು ಸಿಟ್ಟೇ ಬರುತ್ತಿತ್ತು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಸಣ್ಣಗೆ ಬಂದದ್ದಕ್ಕೆ, ಪಕ್ಕದ ಮನೆಯಾಕೆ ಮೆಟ್ಟಿಲಲ್ಲಿ ನಿಂತು “ಸಮಾಧಾನ ತಂದ್ಕೊಳ್ಳಿ” ಎಂದದ್ದಕ್ಕೆ. ಸಮಾಧಾನವೇನು ಅಂಗಡಿಯಲ್ಲಿ ಮರೆತು ಬಂದ ಕೊಡೆಯೇ, ಹೋಗಿ ತಂದುಕೊಳ್ಳುವುದಕ್ಕೆ? ಪ್ರಾರ್ಥನೆಗೆ ಕುಳಿತಾಗಲೂ ಹಾಗೆಯೇ. ತಾಯಿ ಕಲಿಸಿದ ಮಾತುಗಳನ್ನು ಚಿಕ್ಕಂದಿನಿಂದ ಬಿಡದೆ ಹೇಳಿಕೊಂಡು ಬಂದವಳು, ತಮ್ಮ ಸತ್ತ ಮೇಲೆ ಅವುಗಳ ನಡುವೆ ತಡವರಿಸುತ್ತಿದ್ದಳು. ಮರೆವಿನಿಂದಲ್ಲ, ಕೊನೆಯವರೆಗೆ ಹೇಳಿಬಿಟ್ಟರೆ ಆದದ್ದೆಲ್ಲ ಸರಿ ಎಂದು ತಾನೇ ಒಪ್ಪಿಕೊಂಡಂತಾಗುತ್ತದಲ್ಲ ಎಂಬ ಅಳುಕಿನಿಂದ. ಇವತ್ತು ಕಣ್ಣು ಮುಚ್ಚಿ “ನೋಡ್ತಾ ಇರು” ಎಂದಷ್ಟೇ ಹೇಳಿ ಎದ್ದುಬಂದಿದ್ದಳು. ಅದು ಬೇಡಿಕೆಯೋ ಬೆದರಿಕೆಯೋ ಅವಳಿಗೇ ತಿಳಿಯಲಿಲ್ಲ.

ಹುಳದ ಮೈಯಲ್ಲಿ ಲೋಹವಿರುತ್ತದೆ ಎಂದರೆ ಮನೆಗೆ ಬಂದ ನೆಂಟರು ನಗುತ್ತಿದ್ದರು. ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್, ಎಲ್ಲ ಸೇರಿ ಒಂದು ಧೂಳಿನ ಕಣದಷ್ಟು. ಆದರೆ ಆ ಕಣವಿಲ್ಲದಿದ್ದರೆ ರೆಕ್ಕೆ ಬಿಚ್ಚುವುದಿಲ್ಲ, ಮೊಟ್ಟೆ ಕಟ್ಟುವುದಿಲ್ಲ, ದವಡೆ ಗಟ್ಟಿಯಾಗುವುದಿಲ್ಲ. ಬಿಸಿಲು ಹೆಚ್ಚಾದಾಗ ಆ ಕಣ ಏನಾಗುತ್ತದೆ ಎಂದು ತಿಳಿಯುವುದು ಅವರ ಪ್ರಯೋಗಾಲಯದ ಕೆಲಸ. ಎರಡು ಪೆಟ್ಟಿಗೆ, ಎರಡರಲ್ಲೂ ಒಂದೇ ಹುಲ್ಲು, ಒಂದೇ ಬೆಳಕು. ಒಂದು ತಂಪು, ಒಂದು ಬಿಸಿ. ಸತ್ತ ಮಿಡತೆಗಳು ಅವಳ ಮೇಜಿಗೆ ಬರುತ್ತವೆ. ಅವಳು ಅವನ್ನು ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಾಳೆ. ಹೊರಗೆ ಅಂಟಿದ್ದು ಹುಳದ್ದಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆಮೇಲೆ ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಡುತ್ತಾಳೆ. ಸತುವಿನ ವಿಷಯದಲ್ಲಿ ಅವಳ ಮಾತಿಗೆ ಎದುರಿಲ್ಲದ್ದರಿಂದ ಅವಳಿಗೆ ಸತುವಮ್ಮ ಎಂದು ಹೆಸರು ಬಿದ್ದಿತ್ತು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಅವಳ ಕೂದಲು ನರೆತ ಮೇಲೆ ಎದುರಿಗೇ.

“ಏನ್ ಸತುವಮ್ಮ, ಮುಖ ಹೀಗಿದೆ? ಯಂತ್ರ ಕೈ ಕೊಡ್ತಾ?” ಎಂದು ಕನ್ನಡಕದವನು ಬಂದ. ಮಿಡತೆಗಳನ್ನು ಸಾಕುವವನು ಅವನು; ಪ್ರಯೋಗ ಅವನದು.

“ಯಂತ್ರ ಸರಿಯಾಗಿದೆ. ನಿಮ್ಮ ಮಿಡತೆಗಳೇ ಕೈ ಕೊಟ್ಟಿವೆ.”

ಅವನು ಕನ್ನಡಕವನ್ನು ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದ. “ಅಯ್ಯಯ್ಯೋ, ಇಷ್ಟೊಂದಾ? ಇವೇನು ತಗಡಿನ ಮಿಡತೆಗಳಾ? ನೀವು ಕೈಗವಸಿನ ಪುಡಿ ಗಿಡಿ ಉದುರಿಸಿಲ್ಲ ತಾನೆ?”

ಕೈಗವಸಿನ ಪುಡಿಯಲ್ಲಿ ಸತು ಇರುತ್ತದೆ. ಅದನ್ನು ಮಾದರಿಯ ಮೇಲೆ ಉದುರಿಸುವುದು ಹೊಸದಾಗಿ ಸೇರಿದ ವಿದ್ಯಾರ್ಥಿಗಳ ತಪ್ಪು. “ನಿಮಗೆ ಮೀಸೆ ಬರೋಕೆ ಮುಂಚೆನೇ ಪುಡಿ ಇರೋ ಕೈಗವಸು ಬಿಟ್ಟವಳು ನಾನು,” ಎಂದಳು.

“ತಮಾಷೆಗೆ ಅಂದೆ ಕಣಮ್ಮ. ಅಷ್ಟಕ್ಕೇ...” ಅವನು ತಡೆದು, ಆಸ್ಪತ್ರೆಯಲ್ಲಿ ಮಾತಾಡುವವನ ಹಾಗೆ ದನಿ ತಗ್ಗಿಸಿದ. “ಇವತ್ತು ಮಧ್ಯಾಹ್ನ ಅಲ್ವಾ ಅದು, ವಿಚಾರಣೆ?”

“ಹೂಂ.”

“ಬೇಗ ಮುಗಿಸ್ಬಿಡ್ತಾರೆ ಬಿಡಿ. ನಿರ್ದೇಶಕರು ನಮ್ಮವರೇ ತಾನೆ.”

ನಮ್ಮವರೇ. ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಅವಳನ್ನು ಬಿಡಲಿಲ್ಲ. ತಮ್ಮನಿಗೆ ಈ ಆವರಣದಲ್ಲಿ ಕೆಲಸ ಸಿಕ್ಕಿದ್ದೂ ನಮ್ಮವರಿಂದಲೇ. ಅವಳೇ ನಿರ್ದೇಶಕರ ಮುಂದೆ ನಿಂತು, ಸಂಕೋಚದಿಂದ ಕತ್ತು ಕೆಳಗೆ ಹಾಕಿ, ಮನೆಯಲ್ಲಿ ಒಬ್ಬ ಇದ್ದಾನೆ, ಕಷ್ಟಪಟ್ಟು ದುಡಿಯುತ್ತಾನೆ ಎಂದಿದ್ದಳು. ಕಟ್ಟಡದ ಹಿಂದೆ ಬಟ್ಟೆ ಒಗೆಯುವ ಮನೆ. ಪ್ರಯೋಗಾಲಯದ ನಿಲುವಂಗಿಗಳು, ವಿದ್ಯಾರ್ಥಿಗಳ ವಸತಿಯ ಹಾಸಿಗೆ ಬಟ್ಟೆಗಳು ಎಲ್ಲವೂ ಅಲ್ಲಿಗೇ ಹೋಗುತ್ತಿದ್ದವು. ಅದರ ತುದಿಯಲ್ಲಿ ಇಸ್ತ್ರಿ ಕೋಣೆ. ಅಲ್ಲಿ ಆವಿಯ ಇಸ್ತ್ರಿಗಳು, ಒಂದು ಹಸಿರು ಬಾಗಿಲು, ತೆರೆಯದ ಒಂದು ಕಿಟಕಿ. ಬೇಸಿಗೆ ಕುದಿಯುತ್ತಿದ್ದ ಒಂದು ಮಧ್ಯಾಹ್ನ, ಜೊತೆಗಾರರು ಬಾರದ ದಿನ, ತಮ್ಮ ಒಬ್ಬನೇ ಅಲ್ಲಿ ಸತ್ತ. ಹೃದಯ ನಿಂತಿತು ಎಂದರು. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ? ಗುತ್ತಿಗೆದಾರ ಆ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿಸುತ್ತಾನೆ, ಇಲ್ಲದಿದ್ದರೆ ಜನ ಗಾಳಿ ಕುಡಿಯುವ ನೆಪದಲ್ಲಿ ಎದ್ದೆದ್ದು ಹೋಗುತ್ತಾರೆ ಅಂತ, ಎಂದು ತಮ್ಮ ಒಮ್ಮೆ ಊಟದ ನಡುವೆ ನಗುತ್ತಾ ಹೇಳಿದ್ದ. “ನಿನ್ನ ಮಿಡತೆಗಳ ಹಾಗೇ ಕಣಕ್ಕ ನಾವೂ. ಬರೀ ಹುಲ್ಲು ಹಾಕೋರಿಲ್ಲ ಅಷ್ಟೆ.” ಅವಳೂ ನಕ್ಕಿದ್ದಳು. ಈಗ ಗುತ್ತಿಗೆದಾರ ಬಾಗಿಲು ತೆರೆದೇ ಇತ್ತು ಎನ್ನುತ್ತಾನೆ. ಜೊತೆಗಾರರು ನಮಗೆ ಗೊತ್ತಿಲ್ಲ, ನಾವು ಅವತ್ತು ಬಂದಿರಲಿಲ್ಲ ಎನ್ನುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋಗಿ ಅವಳು ಸೋತಿದ್ದಳು. ಅವರು ನಾಳೆಯೂ ಆ ಬಾಗಿಲೊಳಗೆ ಹೋಗಬೇಕಾದವರು.

ಅವಳು ಎದ್ದು ಮಿಡತೆಗಳ ಕೋಣೆಗೆ ಹೋದಳು. ಬಾಗಿಲ ಪಕ್ಕದಲ್ಲಿ ಉಷ್ಣತೆ ತೋರಿಸುವ ಕೆಂಪು ಅಂಕಿ. ನಿಗದಿಗಿಂತ ಒಂದಿಷ್ಟು ಏರಿದರೂ ಗಂಟೆ ಬಾರಿಸುತ್ತದೆ, ಕಾವಲಿನವನು ಊಟ ಬಿಟ್ಟು ಓಡಿಬರುತ್ತಾನೆ. ಮೂಲೆಮೂಲೆಯಲ್ಲಿ ಒದ್ದೆ ಹತ್ತಿಯ ಉಂಡೆಗಳು, ಮಿಡತೆಗಳಿಗೆ ಬಾಯಾರದಿರಲಿ ಎಂದು. ಇದನ್ನು ನೋಡಿ ಹಿಂದೆ ಎಷ್ಟು ಸಲ ಅವಳು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಿದ್ದಳು, ಹುಳವನ್ನೂ ಕಾಯುವವರಿದ್ದಾರೆ ಎಂದು. ಇವತ್ತು ಆ ಹತ್ತಿಯ ಉಂಡೆಗಳನ್ನು ನೋಡುತ್ತಲೇ ಮೈ ಉರಿಯಿತು. ಇಸ್ತ್ರಿ ಕೋಣೆಯಲ್ಲಿ ಉಷ್ಣತೆ ತೋರಿಸುವ ಒಂದು ಕಡ್ಡಿಯೂ ಇರಲಿಲ್ಲ. ಯಾವ ಗಂಟೆಯೂ ಬಾರಿಸಲಿಲ್ಲ.

ತಂಪು ಪೆಟ್ಟಿಗೆಯಲ್ಲಿ ಮಿಡತೆಗಳು ಹುಲ್ಲಿನ ಮೇಲೆ ಸುಮ್ಮನೆ ಕುಳಿತಿದ್ದವು. ಬಿಸಿ ಪೆಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಒಂದೂ ಇರಲಿಲ್ಲ. ಎಲ್ಲವೂ ಅಂಚಿಗೆ ಬಂದು ತಂತಿಯ ಬಲೆಗೆ ಮುಖ ಒತ್ತಿ ನಿಂತಿದ್ದವು. ಅವಳು ಬಗ್ಗಿದಳು. ಮೊದಲು ಕೇಳಿಸಿತು, ಆಮೇಲೆ ಕಂಡಿತು: ಸಣ್ಣ, ಬಿಡದ, ಕರಕರ ಸದ್ದು. ದವಡೆಗಳು ಆಡುತ್ತಿದ್ದವು. ಬೂದು ಬಣ್ಣದ ತಂತಿ ಅಲ್ಲಲ್ಲಿ ಕೆರೆದು ಕೆರೆದು ಹೊಳೆಯುತ್ತಿತ್ತು. ಅವಳು ಬೆರಳಿನಿಂದ ಬಲೆಯನ್ನು ಮುಟ್ಟಿದಳು. ಸತು ಲೇಪಿಸಿದ ತಂತಿ.

“ಬಲೆ ಯಾವಾಗ ಬದಲಾಯಿಸಿದ್ರಿ?”

ಹಿಂದೆಯೇ ಬಂದಿದ್ದ ಕನ್ನಡಕದವನು ಹೆಮ್ಮೆಯಿಂದಲೇ ಹೇಳಿದ: “ಹೋದ ತಿಂಗಳು. ಪ್ಲಾಸ್ಟಿಕ್ ಬಲೆ ಇತ್ತಲ್ಲ, ಈ ಬಿಸಿ ಪೆಟ್ಟಿಗೆಯ ಕಳ್ಳರು ಕಚ್ಚಿ ತೂತು ಮಾಡಿ ಹೊರಗೆ ಬರ್ತಿದ್ದರು. ಎರಡಕ್ಕೂ ಒಂದೇ ತಂತಿ ಹಾಕಿಸಿದೀನಿ, ಪಕ್ಷಪಾತ ಮಾಡಿಲ್ಲ ನೋಡಿ.” ಹೇಳುತ್ತಿದ್ದಂತೆ ಅವನ ಕೈ ತಾನಾಗಿ ಬಾಯಿಗೆ ಹೋಯಿತು. “ಅಯ್ಯೋ. ಸತು. ಥೂ, ನನ್ನ ತಲೆಗಿಷ್ಟು! ಈ ಬೇಸಿಗೆಯ ಕೆಲಸವೆಲ್ಲಾ ನೀರಿಗೆ ಹೋಯ್ತಲ್ರೀ.”

ಅವಳಿಗೆ ಅವನ ಮಾತು ಕೇಳಿಸಲಿಲ್ಲ. ತಮ್ಮ ಸತ್ತ ದಿನ ಕಣ್ಣೆದುರು ಬಂತು: ಆಸ್ಪತ್ರೆಯ ಹಿಂದಿನ ಕೋಣೆ, ಉಕ್ಕಿನ ಮೇಜು, ಒಂದು ಬೋಗುಣಿ. ತಮ್ಮನ ಹೆಂಡತಿ ಹೊರಗೆ ಗೋಡೆಗೆ ತಲೆ ಕೊಟ್ಟು ಕುಳಿತಿದ್ದಳು. ಒಳಗೆ ಬಂದವಳು ಅಕ್ಕ ಒಬ್ಬಳೇ. ಮೇಜಿನ ಮೇಲಿದ್ದ ತಮ್ಮನ ಮುಖ ಒರೆಸಿ, ಕೈ ಹಿಡಿದುಕೊಂಡಳು. ಚಿಕ್ಕವನಿದ್ದಾಗ ಊಟಕ್ಕೆ ಮೊದಲು ಅವನ ಕೈ ತೊಳೆಯುತ್ತಿದ್ದವಳು ಅವಳೇ, ಅವನು ಮಣ್ಣಿನ ಕೈಯಲ್ಲೇ ತಟ್ಟೆಗೆ ಬೀಳುತ್ತಿದ್ದ, ಉಗುರಿನ ಕೆಳಗೆ ನೋಡೋಣ ತೋರಿಸು ಎಂದರೆ ಮುಷ್ಟಿ ಬಿಗಿ ಮಾಡಿಕೊಂಡು ಓಡುತ್ತಿದ್ದ. ಇಲ್ಲಿ ಮುಷ್ಟಿ ಬಿಗಿಯಾಗಿರಲಿಲ್ಲ. ಉಗುರುಗಳ ಕೆಳಗೆ ಹಸಿರು ಚಕ್ಕೆಗಳು ಕೂತಿದ್ದವು, ಒಂದೆರಡು ಉಗುರು ಸೀಳಿದ್ದವು. ಅವಳು ಮೃದುವಾಗಿ ಅವನ್ನು ಬಿಡಿಸಿದಳು. ಒಂದು ಸಲ ತೊಳೆದು, ನೀರು ಚೆಲ್ಲಿ, ಇನ್ನೊಂದು ಸಲ ತೊಳೆದು, ಚೆಲ್ಲಿ, ಮತ್ತೂ ಒಂದು ಸಲ. ಮೇಜಿನ ಮುಂದೆ ದಿನವೂ ಮಾಡುವ ಹಾಗೆ, ಯೋಚನೆಯೇ ಇಲ್ಲದೆ: ಹೊರಗೆ ಅಂಟಿದ್ದು ಇವನದಲ್ಲ. ದೇವರ ಮುಂದೆ ಹೋಗುವವನ ಕೈ ಚೊಕ್ಕಟವಾಗಿರಲಿ ಎಂದುಕೊಂಡದ್ದೂ ನೆನಪಿದೆ. ಹಸಿರು ಚಕ್ಕೆಗಳು ಬೋಗುಣಿಯಲ್ಲಿ ಒಂದು ಸುತ್ತು ತಿರುಗಿ ಮೋರಿಗೆ ಹೋದವು. ಮಣ್ಣು ಮಾಡಿ ಬಂದ ಮೇಲೆ ಅವನ ಡಬ್ಬಿ, ಚಪ್ಪಲಿ ತರಲು ಒಗೆಯುವ ಮನೆಗೆ ಹೋದಾಗ ಇಸ್ತ್ರಿ ಕೋಣೆಯ ಬಾಗಿಲನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಪಕ್ಕದಲ್ಲಿ ಬಿಳಿ ಬಣ್ಣದ ಡಬ್ಬ ತೆರೆದು ಕೂತಿತ್ತು. ನೆಲದ ಮೇಲೆ ಉದುರಿದ ಹಸಿರು ಪುಡಿಯನ್ನು ಕಂಡಾಗ ಅವಳಿಗೆ ತಾನು ಏನನ್ನು ತೊಳೆದೆ ಎಂದು ಗೊತ್ತಾಯಿತು.

ಅಂದಿನಿಂದ ಅವಳು ಯಾರಿಗೂ ಹೇಳಿರಲಿಲ್ಲ. ಮಾದರಿಯನ್ನು ಚೆಲ್ಲಿಬಿಟ್ಟ ಮೇಲೆ ನಾನು ನೋಡಿದ್ದೆ ಎನ್ನುವವರನ್ನು ಅವಳೇ ಎಷ್ಟು ಸಲ ಗದರಿಸಿ ಕಳಿಸಿಲ್ಲ? ಅದೊಂದು ಕಾರಣ. ಇನ್ನೊಂದು ಕಾರಣ ತಮ್ಮನ ಹೆಂಡತಿ. ಗೋಡೆಗೆ ಒರಗಿ ಕೂತಿದ್ದ, ನಿದ್ದೆ ಹತ್ತಿದ ಹಾಗಿತ್ತು ಎಂದು ಗುತ್ತಿಗೆದಾರ ಅವಳಿಗೆ ಹೇಳಿದ್ದ. ಆ ಒಂದು ಮಾತನ್ನು ಅವಳು ಸೆರಗಿನ ಗಂಟಿನಂತೆ ಹಿಡಿದುಕೊಂಡಿದ್ದಳು. ಬಂದವರಿಗೆಲ್ಲ ಹೇಳುತ್ತಿದ್ದಳು: “ಕಷ್ಟಪಡ್ಲಿಲ್ಲವಂತೆ. ನಿದ್ದೆ ಬಂದ ಹಾಗೆ ಹೋದ್ರಂತೆ.” ಹೇಳಿದ ಮೇಲೆ ಒಂದು ತುತ್ತು ತಿನ್ನುತ್ತಿದ್ದಳು. ಆ ತುತ್ತನ್ನು ಹೇಗೆ ಕಿತ್ತುಕೊಳ್ಳುವುದು?

ನಿರ್ದೇಶಕರ ಕೋಣೆಗೆ ಊಟಕ್ಕೆ ಮೊದಲೇ ಹೋದಳು. ಅವರು ಅವಳ ಕಾಗದವನ್ನು ನೋಡಿ, ಬಲೆಯ ಸಂಗತಿ ಕೇಳಿ, ಗಡ್ಡ ಕೆರೆದುಕೊಂಡರು. ಕೆಟ್ಟವರಲ್ಲ. ಅವಳ ತಾಯಿ ತೀರಿಕೊಂಡಾಗ ಮನೆಗೆ ಬಂದು ನೆಲದ ಮೇಲೆ ಕೂತವರು.

“ಪ್ಲಾಸ್ಟಿಕ್ ಬಲೆ ದಪ್ಪದ್ದು ತರಿಸಿ, ಮತ್ತೆ ಮಾಡೋಣ. ಈ ಅಂಕಿಗಳನ್ನ ಬಿಟ್ಟುಬಿಡಿ.”

“ಬಿಟ್ಟುಬಿಡೋದಾ?”

“ಇದು ಮಾಲಿನ್ಯ. ನಿಮಗೆ ನಾನು ಹೇಳಬೇಕಾ?”

“ಹೊರಗಿಂದಾದರೆ ತೊಳೆದಾಗ ಹೋಗ್ತಿತ್ತು. ಹೋಗಿಲ್ಲ. ಅವುಗಳ ಒಳಗಿದೆ. ತಂತಿ ತಿಂದಿವೆ.”

“ಅದೇ ನಾನು ಹೇಳೋದು. ಇದು ಬಿಸಿಯಿಂದ ಆದದ್ದಲ್ಲ, ಬಲೆಯಿಂದ ಆದದ್ದು.”

“ತಂಪು ಪೆಟ್ಟಿಗೇಲೂ ಅದೇ ಬಲೆ ಇದೆ ಸರ್. ಅಲ್ಲಿ ಒಂದೂ ಬಾಯಿ ಹಾಕಿಲ್ಲ. ಬೇಯೋವರೆಗೂ ಯಾರೂ ಬಲೆ ಕಚ್ಚೋಕೆ ಹೋಗಲ್ಲ.”

ಅವರು ತಲೆ ಎತ್ತಿ ನೋಡಿದರು. ಅವಳು ಇನ್ನು ಮಿಡತೆಗಳ ವಿಷಯ ಮಾತಾಡುತ್ತಿಲ್ಲ ಎಂದು ಅವರಿಗೆ ಅರ್ಥವಾದಂತಿತ್ತು. “ಮಧ್ಯಾಹ್ನದ್ದು ನನಗೂ ಸುಲಭ ಅಲ್ಲಮ್ಮ,” ಎಂದರು. “ಆದರೆ ಒಬ್ಬ ಮನುಷ್ಯನನ್ನ ಇಟ್ಕೊಂಡು ಇದು ಬಿಸಿಯಿಂದಲೇ ಆಯ್ತು ಅಂತ ನಾನು ಹೇಗೆ ಬರೀಲಿ? ಅದೇ ಕೋಣೆಯಲ್ಲಿ ಬೇರೆಯವರೂ ದಿನಾ ಕೆಲಸ ಮಾಡ್ತಾರೆ, ಬದುಕಿದಾರೆ. ನೀವೇ ಹುಡುಗರಿಗೆ ಹೇಳಿಕೊಡ್ತೀರಲ್ಲ.”

ಹೌದು, ಹೇಳಿಕೊಡುತ್ತಾಳೆ. ಒಂದು ಹುಳದಿಂದ ಏನೂ ತಿಳಿಯುವುದಿಲ್ಲ ಎಂದು ಪ್ರತಿ ವರ್ಷ ಹೊಸಬರ ಮುಂದೆ ಬೆರಳೆತ್ತಿ ಹೇಳುತ್ತಾಳೆ. ಆ ಮಾತು ಇವತ್ತು ಕೆನ್ನೆಗೆ ಹೊಡೆದಂತೆ ಬಂತು. ತಿಳಿಯುವುದಕ್ಕೆ ಇನ್ನೂ ಎಷ್ಟು ಜನ ಬೇಕು ಎಂದು ಕೇಳಬೇಕೆನಿಸಿತು. “ಬರ್ತೀನಿ ಸರ್” ಎಂದಳು. ಹೊರಗೆ ಬಂದ ಮೇಲೆ ತಾನು ಹಾಗೆ ವಿನಯದಿಂದ ಹೇಳಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಹಣೆ ಇಟ್ಟು ನಿಂತಳು. ಬಾಯಿಗೆ ಪ್ರಾರ್ಥನೆ ಬರಲಿಲ್ಲ. ಶಕ್ತಿ ಕೊಡು ಎಂದು ಬೇಡುವುದಕ್ಕೂ ಮನಸ್ಸು ಬರಲಿಲ್ಲ.

ಮಧ್ಯಾಹ್ನ ಅದೇ ಕೋಣೆಯಲ್ಲಿ ಕುರ್ಚಿಗಳನ್ನು ಅರ್ಧ ಸುತ್ತು ಹಾಕಿದ್ದರು. ನಿರ್ದೇಶಕರು, ಅವರ ಪಕ್ಕ ಸಂಸ್ಥೆಯ ವೈದ್ಯರು, ಎದುರು ಗುತ್ತಿಗೆದಾರ. ತಣ್ಣನೆ ಗಾಳಿ ಬೀಸುವ ಯಂತ್ರ ಗುರುಗುಡುತ್ತಿತ್ತು. ವೈದ್ಯರು ಶಾಲು ಹೊದ್ದಿದ್ದರು. ತಮ್ಮನ ಹೆಂಡತಿ ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ, ಯಾರೋ ಬಂದು ಏಳು ಎನ್ನುತ್ತಾರೆ ಎಂಬಂತೆ ಕೂತಿದ್ದಳು. ಅವಳು ಪಕ್ಕದಲ್ಲಿ ಕೂತಳು. “ಬೇಗ ಮುಗಿಯುತ್ತಾ ಅತ್ತಿಗೆ?” ಎಂದು ತಮ್ಮನ ಹೆಂಡತಿ ಪಿಸುಗುಟ್ಟಿದಳು. “ಮುಗಿಯುತ್ತೆ ಕಣೇ.”

ಗುತ್ತಿಗೆದಾರ ಎದ್ದು ನಿಂತು, ಕೈ ಜೋಡಿಸಿ ಮಾತಾಡಿದ. ನುಣುಪಾಗಿ ಬೋಳಿಸಿದ ಮುಖ, ಗರಿಗರಿ ಅಂಗಿ. ಆ ಅಂಗಿಗೆ ಇಸ್ತ್ರಿ ಹಾಕಿದವರು ಯಾರು ಎಂದು ಅವಳ ತಲೆಯಲ್ಲಿ ಸುಮ್ಮನೆ ಬಂದುಹೋಯಿತು. “ಒಳ್ಳೆ ಮನುಷ್ಯ ಸರ್, ನಮ್ಮ ಮನೆಯವನ ಹಾಗೆ ಇದ್ದ. ಬಾಗಿಲು ತೆರೆದೇ ಇರುತ್ತೆ, ಯಾವಾಗಲೂ ತೆರೆದೇ ಇರುತ್ತೆ. ಬೇಕಾದರೆ ಎದ್ದು ಬರಬಹುದಿತ್ತು. ಯಾಕೋ ಕೂತೇ ಬಿಟ್ಟ. ದೇವರು ಕರೆಸಿಕೊಂಡ ಅಂದ ಮೇಲೆ ನಮ್ಮ ಕೈಯಲ್ಲಿ ಏನಿದೆ ಹೇಳಿ?”

ವೈದ್ಯರು ತಲೆಯಾಡಿಸಿದರು. ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು.

“ಅಗುಳಿ ಹಾಕಿದವರು ನೀವು. ಹೆಸರು ದೇವರದ್ದಾ?”

ಅದು ತನ್ನ ದನಿಯೆಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಎಲ್ಲರೂ ಅವಳತ್ತ ತಿರುಗಿದ್ದರು. ಎದ್ದು ನಿಂತಿದ್ದಳು. “ನಾನು ದೇವರನ್ನ ನಂಬಿದವಳು. ನಿಮ್ಮ ಬಾಯಲ್ಲಿ ಆ ಹೆಸರು ಬರಬಾರದು. ಬೇರೆ ಏನು ಬೇಕಾದರೂ ಹೇಳಿ. ಮರೆತೆ ಅನ್ನಿ, ಗೊತ್ತಾಗಲಿಲ್ಲ ಅನ್ನಿ. ಆ ಹೆಸರು ಬೇಡ.”

“ಏನಮ್ಮಾ ಇದು, ಯಾರು ಅಗುಳಿ ಹಾಕಿದ್ರು? ನೋಡಿದವರು ಯಾರು?” ಗುತ್ತಿಗೆದಾರ ಸುತ್ತ ನೋಡಿ ನಕ್ಕ. “ದುಃಖ ಸರ್, ಪಾಪ. ಮಾತು ಬರುತ್ತೆ.”

“ಕೂತ್ಕೊಳ್ಳಿ,” ಎಂದರು ನಿರ್ದೇಶಕರು ಮೆತ್ತಗೆ. “ಏನಾದರೂ ತೋರಿಸೋದಕ್ಕೆ ಇದ್ದರೆ...”

ಪಕ್ಕದಲ್ಲಿ ತಮ್ಮನ ಹೆಂಡತಿ ಅವಳ ಮುಂಗೈ ಹಿಡಿದು ಎಳೆಯುತ್ತಿದ್ದಳು, ಬೇಡ ಅತ್ತಿಗೆ, ಬೇಡ ಎಂದು. ಆ ಹಿಡಿತ ಬೆಚ್ಚಗಿತ್ತು. ಈಗ ಸುಮ್ಮನೆ ಕೂತರೆ ಸಂಜೆ ಮನೆಗೆ ಹೋಗಿ ಇಬ್ಬರೂ ಒಂದೇ ತಟ್ಟೆಯಲ್ಲಿ ಊಟ ಮಾಡಬಹುದು, ನಿದ್ದೆ ಬಂದ ಹಾಗೆ ಹೋದರು ಎಂದು ಅವಳು ಹೇಳಬಹುದು, ತಾನು ಹೂಂಗುಟ್ಟಬಹುದು, ನಾಳೆ ಆ ಬಾಗಿಲೊಳಗೆ ಇನ್ಯಾರೋ ಹೋಗಬಹುದು. ಅವಳು ಮುಂಗೈಯನ್ನು ಬಿಡಿಸಿಕೊಳ್ಳಲಿಲ್ಲ. ಹಾಗೇ ಹಿಡಿಸಿಕೊಂಡೇ ಹೇಳಿದಳು.

“ಅವನ ಉಗುರಿನ ಕೆಳಗೆ ಹಸಿರು ಬಣ್ಣ ಇತ್ತು. ಬಾಗಿಲಿನ ಬಣ್ಣ. ಉಗುರು ಸೀಳಿತ್ತು. ತೆರೆದ ಬಾಗಿಲನ್ನ ಯಾರೂ ಪರಚಲ್ಲ.”

ವೈದ್ಯರು ಶಾಲು ಸರಿಸಿ ಮುಂದೆ ಬಾಗಿದರು. “ನನಗೆ ಕಾಣಲಿಲ್ಲವಲ್ಲಮ್ಮ?”

“ನೀವು ಕೈ ನೋಡಲಿಲ್ಲ. ಎದೆ ನೋಡಿ ಹೋದ್ರಿ.”

“ಆ ಬಣ್ಣ ಈಗ...”

“ತೊಳೆದುಬಿಟ್ಟೆ. ಮೂರು ನೀರಲ್ಲಿ.” ಅವಳು ನಿರ್ದೇಶಕರ ಕಡೆ ತಿರುಗಿದಳು. “ನೀವೇ ಹೇಳಿ ಸರ್, ನಾವು ತೊಳೆಯದೆ ಯಾವುದನ್ನಾದರೂ ಒಳಗೆ ತಗೋತೀವಾ?”

ಗುತ್ತಿಗೆದಾರ ಉಸಿರು ಬಿಟ್ಟು ಕುರ್ಚಿಗೆ ಒರಗಿದ. “ಹಾಗಾದರೆ ಇಲ್ಲ ಅಂತಾಯ್ತಲ್ಲ.”

“ಇಲ್ಲ. ನಾನು ತೊಳೆದೆ ಅಂತ ಬರೀರಿ. ಇತ್ತು, ತೊಳೆದೆ. ಇವರು ಬಾಗಿಲು ಉಜ್ಜಿ ಬಿಳಿ ಬಣ್ಣ ಹೊಡೆಸಿದ್ದನ್ನೂ ಅದರ ಪಕ್ಕದಲ್ಲೇ ಬರೀರಿ.” ಅವಳು ಗುತ್ತಿಗೆದಾರನತ್ತ ತಿರುಗಿದಳು. “ನಾನು ತಿಳಿಯದೆ ತೊಳೆದೆ. ನೀವು ತಿಳಿದು ತೊಳೆದ್ರಿ.”

ನಿರ್ದೇಶಕರು ಬರೆಯಲಿಲ್ಲ. ಪೆನ್ನಿನ ಮುಚ್ಚಳವನ್ನೂ ಹಾಕಲಿಲ್ಲ. ಗುತ್ತಿಗೆದಾರನ ಮುಖವನ್ನು, ಮೊದಲ ಸಲ ನೋಡುತ್ತಿರುವವರಂತೆ, ನೋಡುತ್ತಾ ಕೂತರು. “ಬಾಗಿಲಿಗೆ ಬಣ್ಣ ಯಾವತ್ತು ಹೊಡೆಸಿದ್ರಿ?” ಎಂದು ಕೇಳಿದರು. ಗುತ್ತಿಗೆದಾರ ಜೋಡಿಸಿದ್ದ ಕೈಗಳನ್ನು ಬಿಡಿಸಿ, ಮತ್ತೆ ಜೋಡಿಸಿದ. “ಅದು ಸರ್, ಮಾಮೂಲಿ... ವರ್ಷಕ್ಕೊಂದು ಸಲ...” “ದಿನ ಕೇಳಿದೆ,” ಎಂದರು.

ಅವಳಿಗೆ ಆ ಮಾತುಗಳು ದೂರದಲ್ಲಿ ನಡೆಯುತ್ತಿರುವಂತಿತ್ತು. ಮುಂಗೈಯ ಮೇಲಿನ ಹಿಡಿತ ಸಡಿಲವಾಗಿತ್ತು. ತಿರುಗಿ ನೋಡುವುದಕ್ಕೆ ಧೈರ್ಯ ಸಾಲದೆ ಅವಳು ಮೇಜಿನ ಅಂಚನ್ನೇ ನೋಡುತ್ತಾ ನಿಂತಳು. ಅಳು ಕೇಳಿಸುತ್ತದೆ ಎಂದು ಕಾದಳು. ಅಳು ಬರಲಿಲ್ಲ. ಕುರ್ಚಿ ಸರಿದ ಸದ್ದಾಯಿತು. ತಮ್ಮನ ಹೆಂಡತಿ ಎದ್ದು ಅವಳ ಎದುರಿಗೆ ಬಂದು ನಿಂತಳು. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಅವು ತನ್ನವಲ್ಲ ಎಂಬಂತೆ ಅವುಗಳ ಉಗುರುಗಳನ್ನು ನೋಡಿಕೊಂಡಳು.

“ಯಾವ ಕೈ ಅತ್ತಿಗೆ?” ಎಂದು ಕೇಳಿದಳು.

“ಎರಡೂ ಕಣೇ.”